ಎದುರಿಗೆ ಮಾಂತ್ರಿಕರೇ ಇರಲಿ, ಲೇನ್ ನಮ್ಮದು

ಇವತ್ತು ಒಂದು ಕಾರ್ಟೂನ್ ಬಗ್ಗೆ ಮಾತಾಡೋಣ.

ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 2010ರಲ್ಲಿ ಶುರುವಾದ ‘ರೆಗ್ಯುಲರ್ ಶೋ’ ನಿಮ್ಮಲ್ಲಿ ಹಲವರು ನೋಡಿರ್ತೀರಿ. ಜೆ.ಜಿ. ಕ್ವಿಂಟೆಲ್ ಅವರ ಸೃಷ್ಟಿ. ಒಂದು ಪಾರ್ಕಲ್ಲಿ ಕೆಲಸ ಮಾಡೋ ನೀಲಿ ಹಕ್ಕಿ ಮೊರ್ಡೆಕೈ, ರಕೂನ್ ರಿಗ್ಬಿ, ಸದಾ ಬೈಯೋ ಬಾಸ್ ಬೆನ್ಸನ್, ಸಾವಿಲ್ಲದ ಯೇತಿ ಸ್ಕಿಪ್ಸ್. ‘ಸ್ಕಿಪ್ಸ್ ಸ್ಟ್ರೈಕ್ಸ್’ ಎಪಿಸೋಡ್‌ನಲ್ಲಿ ಇವರದ್ದೊಂದು ಬೌಲಿಂಗ್ ಮ್ಯಾಚ್. ಎದುರಾಳಿಗಳು ಅಲೌಕಿಕ ಶಕ್ತಿಯವರು. ಪಣಕ್ಕಿರೋದು ಬರೀ ಟ್ರೋಫಿ ಅಲ್ಲ.

ಇಂಥ ಕಥೆಗೆ ಬೌಲಿಂಗೇ ಯಾಕೆ? ಕಬಡ್ಡಿಯಲ್ಲಿ ಎದುರಾಳಿ ನಿಮ್ಮನ್ನ ಹಿಡಿದು ನಿಲ್ಲಿಸಬಹುದು. ಬೌಲಿಂಗ್‌ನಲ್ಲಿ ನಿಯಮದ ಪ್ರಕಾರ ಯಾರೂ ನಿಮ್ಮ ಚೆಂಡನ್ನ ತಡೆಯೋ ಹಾಗಿಲ್ಲ. ಸತತ 12 ಸ್ಟ್ರೈಕ್ ಹೊಡೆದರೆ 300, ಅದೇ ಗರಿಷ್ಠ. ದೆವ್ವ ಆಡಿದ್ರೂ 301 ಸಿಗಲ್ಲ!

ಇನ್ನೊಂದು ವಿಷಯ. ಸ್ಟ್ರೈಕ್ ಬಿದ್ದ ತಕ್ಷಣ ಅದರ ಬೆಲೆ ಎಷ್ಟು ಅಂತ ಗೊತ್ತಾಗಲ್ಲ. 10ರ ಜೊತೆ ಮುಂದಿನ ಎರಡು ಎಸೆತದ ಪಿನ್‌ಗಳೂ ಸೇರ್ತವೆ. ಹಾಗಾಗಿ ಕುಣಿದಾಡಿ ಮುಂದಿನ ಎಸೆತ ಕೆಡಿಸಿಕೊಂಡ್ರೆ ಹಿಂದಿನ ಸ್ಟ್ರೈಕ್ ಕೂಡ ಸೊರಗುತ್ತೆ.

ಪುಣೆಗೋ ಹೈದರಾಬಾದಿಗೋ ಹೊಸದಾಗಿ ಬಂದಾಗ ನಮಗೂ ಹೀಗೇ ಅನ್ಸುತ್ತೆ. ಭಾಷೆ ಬೇರೆ, ಟೀಮ್ ಬೇರೆ, ಸುತ್ತ ಇರೋರೆಲ್ಲ ಮಾಂತ್ರಿಕರು! ಅಪ್ರೈಸಲ್ ಹತ್ತಿರ ಬಂದ್ರೆ ಕಣ್ಣೆಲ್ಲ ಪಕ್ಕದವರ ಸ್ಕೋರ್ ಮೇಲೆ. ಅಷ್ಟರಲ್ಲಿ ನಮ್ಮ ಚೆಂಡು ಗಟರ್‌ಗೆ. ಪಣ ದೊಡ್ಡದೇ, ಮನೆ ಬಾಡಿಗೆ, ಊರಿಗೆ ಕಳಿಸೋ ದುಡ್ಡು ಎಲ್ಲ ಅದರ ಮೇಲೇ ನಿಂತಿದೆ. ಅದಕ್ಕೇ ಹೇಳ್ತಿರೋದು, ನೋಡಬೇಕಾದ್ದು ನಮ್ಮ ಪಿನ್‌ಗಳನ್ನ.

ಹನ್ನೊಂದು ನಿಮಿಷದ ಎಪಿಸೋಡ್, ಮಕ್ಕಳ ಜೊತೆ ಕೂತು ನೋಡಿ. ಮುಂದಿನ ಮಾತಲ್ಲಿ ಸಿಗೋಣ.