ಕಲ್ಲಿಗೆ ಕಾವಲು ಇತ್ತು, ಮನಸ್ಸಿಗೆ?



ಹಳೇಬೀಡಿನ ಹೊಯ್ಸಳೇಶ್ವರ ಗುಡಿ ನೋಡಿದವರು ಹಾಗೇ ಮುಂದೆ ಹೋದರೆ ಬಸ್ತಿಹಳ್ಳಿ. ಅಲ್ಲಿನ ಪಾರ್ಶ್ವನಾಥ ಬಸದಿಯ ಕಂಬಗಳು ನಮ್ಮ ನೆರಳು ಮೂಡುವಷ್ಟು ನುಣುಪು. ಅಲ್ಲಿ ಸಿನಿಮಾ ತೆಗೆಯುವುದಾದರೆ ಪುರಾತತ್ತ್ವ ಇಲಾಖೆಯ ಪರವಾನಗಿ ಬೇಕು; ಇಂಥ ಸ್ಮಾರಕಗಳಿಗೆಂದೇ 1958ರ ಕಾಯಿದೆ ಇದೆ. ಅದೇ ಊರಿನ ಒಂದು ಮನೆಗೆ ಯಾರೋ ಪ್ರಶ್ನೆಗಳ ಪಟ್ಟಿ ಹಿಡಿದು ಬಂದು, ‘ರಾತ್ರಿ ನಿದ್ದೆ ಬರುತ್ತದೆಯೇ, ಸಾಯಬೇಕು ಅನ್ನಿಸಿದ್ದುಂಟೇ’ ಎಂದು ಕೇಳಿದರೆ? ಅದಕ್ಕೆ ಯಾರ ಅಪ್ಪಣೆ ಬೇಕು?

ಮನಸ್ಸನ್ನು ಹೀಗೆ ಪ್ರಶ್ನಿಸುವ ಕಥೆ ಕನ್ನಡನಾಡಿನಲ್ಲಿ ಶುರುವಾಗುವುದು ಮೈಸೂರಿನಲ್ಲಿ. ಕಲ್ಕತ್ತೆಯಲ್ಲಿ 1916ರಲ್ಲಿ ಮನಃಶಾಸ್ತ್ರ ವಿಭಾಗ ತೆರೆಯಿತು; 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಥದೇ ವಿಭಾಗ ತೆರೆಯಿತು. ನೇತೃತ್ವ ಎಂ. ವಿ. ಗೋಪಾಲಸ್ವಾಮಿಯವರದು, ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಪುಟ್ಟ ಬಾನುಲಿ ಕೇಂದ್ರ ನಡೆಸಿದವರೂ ಇವರೇ. ನಾನೀಗ ಮಾತಾಡುತ್ತಿರುವ ಈ ಮೈಕಿನ ವಂಶಾವಳಿಯಲ್ಲಿ ಒಬ್ಬ ಮನಃಶಾಸ್ತ್ರಜ್ಞರಿದ್ದಾರೆ ಎಂದಾಯಿತು! ಅವರು ಬುದ್ಧಿಶಕ್ತಿ ಅಳೆಯುವ ಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಒಗ್ಗಿಸುವ ಕೆಲಸ ಮಾಡಿದರು. ಮಕ್ಕಳ ಒಪ್ಪಿಗೆ ಪಡೆಯಬೇಕು ಎಂಬ ನಿಯಮ ಆಗ ಲಂಡನ್ನಿನಲ್ಲೂ ಇರಲಿಲ್ಲ, ಮೈಸೂರಿನಲ್ಲೂ ಇರಲಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು 1976. ಆ ಒಂದೇ ವರ್ಷ ನಮ್ಮ ಎರಡು ಹಳ್ಳಿಗಳ ಬಗ್ಗೆ ಎರಡು ದೊಡ್ಡ ಪುಸ್ತಕಗಳು ಬಂದವು. ಒಂದು, ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರದು. 1948ರಲ್ಲಿ ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ, ಊರ ಯಜಮಾನರಿಗೆ ಸೇರಿದ ಎತ್ತಿನ ಮನೆಯಲ್ಲಿ ಬಿಡಾರ ಹೂಡಿ ನಡೆಸಿದ ಅಧ್ಯಯನ. ಊರಿಗೆ ‘ರಾಂಪುರ’ ಎಂದು ಹೆಸರಿಟ್ಟು ಮರೆಮಾಡಿದರು. ನಿಜವಾದ ಹೆಸರು ಬಲ್ಲವರು ಬಹಳ ಮಂದಿ ಇದ್ದಾರೆ. ನಾನು ಬೇಕೆಂದೇ ಹೇಳುತ್ತಿಲ್ಲ. ಇನ್ನೊಂದು, ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರದು. ಶಿವರಾಮ ಕಾರಂತರ ಹುಟ್ಟೂರು ಕೋಟದಲ್ಲಿ ಬ್ರಾಹ್ಮಣರು, ಬಂಟರು, ಮೊಗವೀರರ ಮನೆಗಳಿಗೆ ಹೋಗಿ ಮಾನಸಿಕ ತೊಂದರೆಗಳನ್ನು ವಿಚಾರಿಸಿದ ಅಧ್ಯಯನ ಅದು. ಅಲ್ಲಿ ಊರಿನ ಹೆಸರು ಮುಖಪುಟದಲ್ಲೇ ಇದೆ.

ಯಾವುದು ಸರಿ? ಹೆಸರು ಮರೆಸಿದರೂ ‘ಯಜಮಾನ’ ಅಂದರೆ ಯಾರೆಂದು ಊರಿನವರಿಗೆ ಗೊತ್ತಾಗದೇ ಇರುತ್ತದೆಯೇ? ಆದರೂ ಮಾನಸಿಕ ಕಾಯಿಲೆಯ ವಿಷಯಕ್ಕೆ ಬಂದಾಗ ನನ್ನ ಮತ ಮರೆಮಾಡುವ ಕಡೆಗೇ. ಹೆಣ್ಣು ಕೇಳಲು ಬಂದವರು ‘ಆ ಊರಾ?’ ಎಂದು ಹಿಂಜರಿಯುವ ಸಮಾಜ ನಮ್ಮದು.

ಶ್ರೀನಿವಾಸರ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಸಿಕ್ಕವು; ನೆನಪಿನಿಂದಲೇ ಪುಸ್ತಕ ಬರೆಯಬೇಕಾಯಿತು. ಸಂಶೋಧನೆಯೇ ಜನರನ್ನು ನೋಯಿಸಿದ್ದೂ ಉಂಟು: ಮರುವರ್ಷ ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ ಮನಃಶಾಸ್ತ್ರಜ್ಞ ಜಿಂಬಾರ್ಡೊ ವಿದ್ಯಾರ್ಥಿಗಳನ್ನು ಕೈದಿಗಳು, ಕಾವಲುಗಾರರು ಎಂದು ಹಂಚಿ ಹುಸಿ ಜೈಲು ನಡೆಸಿದರು. ಎರಡು ವಾರದ ಪ್ರಯೋಗ ಆರು ದಿನಕ್ಕೇ ನಿಂತಿತು. ಅದಕ್ಕೂ ಮೊದಲು, 1961ರಲ್ಲಿ, ಯೇಲ್‌ನಲ್ಲಿ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಜ್ಞಾಪಕಶಕ್ತಿಯ ಪರೀಕ್ಷೆ ಎಂದು ಸುಳ್ಳು ಹೇಳಿ ಜನರನ್ನು ಕರೆಸಿದ್ದರು. ಪಕ್ಕದ ಕೋಣೆಯಲ್ಲಿದ್ದವನಿಗೆ ವಿದ್ಯುತ್ ಆಘಾತ ಕೊಡುತ್ತಿದ್ದೇವೆ ಎಂದೇ ಬಂದವರು ನಂಬಿದ್ದರು. 40 ಜನರಲ್ಲಿ 26 ಮಂದಿ ಕೊನೆಯ ಗುಂಡಿಯವರೆಗೂ ಒತ್ತಿದರು. ನಡುಗುತ್ತಾ, ಬೆವರುತ್ತಾ ಒತ್ತಿದರು. 1964ರಲ್ಲಿ ಅದೇ ಕ್ಷೇತ್ರದ ಡಯಾನಾ ಬೌಮ್‌ರಿಂಡ್ ಇದನ್ನು ಕಟುವಾಗಿ ಪ್ರಶ್ನಿಸಿದರು.

ಆದರೆ ಆ ಪ್ರಯೋಗವೇ ತನ್ನ ವಿರುದ್ಧ ಸಾಕ್ಷಿ ಹೇಳಿತು. ಕೊಟ್ಟ 4.50 ಡಾಲರ್ ಬಂದದ್ದಕ್ಕಷ್ಟೇ, ಏನೇ ಆದರೂ ನಿಮ್ಮದೇ ಎಂದು ಮೊದಲೇ ಹೇಳಲಾಗಿತ್ತು. ಆದರೂ ಮೇಲಂಗಿ ತೊಟ್ಟವರು ‘ಮುಂದುವರಿಸಿ’ ಎಂದರೆ ಎದ್ದು ಹೋಗಲು ಹೆಚ್ಚಿನವರಿಂದ ಆಗಲಿಲ್ಲ. ಹಾಗಾದರೆ ಒಪ್ಪಿಗೆ ಪತ್ರಕ್ಕೆ ಬಿದ್ದ ಸಹಿಗೆ ಬೆಲೆ ಎಷ್ಟು? ನಮ್ಮ ಕಡೆಯಂತೂ ಮನೆ ಬಾಗಿಲಿಗೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ, ಆಮೇಲೆ ಮಾತು. ‘ಆಗಲ್ಲ ಹೋಗಿ’ ಅನ್ನುವುದು ಇನ್ನೂ ಕಷ್ಟ. ಅದರಲ್ಲೂ ಡಾಕ್ಟರಿಗೆ, ಮೇಷ್ಟ್ರಿಗೆ.

ಇಂಥ ಸಂಶೋಧನೆಗೆ ನಮ್ಮಲ್ಲೂ ನಿಯಮಗಳು ಬಂದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ನೀತಿ ಹೇಳಿಕೆ ಹೊರಡಿಸಿತು, 2000ದಲ್ಲಿ ಮಾರ್ಗಸೂಚಿ, 2006ರಲ್ಲಿ ಪರಿಷ್ಕರಣೆ. 2017ರ ಆವೃತ್ತಿ ಹಳ್ಳಿಗಳನ್ನು ಬಲ್ಲವರು ಬರೆದಂತಿದೆ. ಊರ ಹಿರಿಯರು ಹೂಂ ಅಂದರೆ ಸಾಲದು, ಪ್ರತಿಯೊಬ್ಬರೂ ತಾವಾಗಿ ಒಪ್ಪಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಕ್ಷರ ಬಲ್ಲ, ಸಂಶೋಧಕರ ಕಡೆಯವರಲ್ಲದ ಸಾಕ್ಷಿ ಬೇಕು. ಏಳು ವರ್ಷ ದಾಟಿದ ಮಕ್ಕಳನ್ನೂ ಕೇಳಬೇಕು. ಅದೇ ವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 99ನೇ ಕಲಮು, ಮಾನಸಿಕ ಕಾಯಿಲೆ ಇರುವವರನ್ನು ಸಂಶೋಧನೆಗಾಗಿ ಬರೀ ಸಂದರ್ಶನ ಮಾಡುವುದಕ್ಕೂ ಅವರ ತಿಳಿವಳಿಕೆಯ ಒಪ್ಪಿಗೆ ಬೇಕೆನ್ನುತ್ತದೆ. ಕೊಟ್ಟ ಒಪ್ಪಿಗೆಯನ್ನು ನಡುವೆ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು.

ಕಾಯಿದೆ ತಲುಪದ ಜಾಗಗಳೂ ಇವೆ. ಕಾಲೇಜಿನಲ್ಲಿ ಗೈಡ್ ಮೇಡಂ ಕೊಟ್ಟ ಪ್ರಶ್ನಾವಳಿಯನ್ನು ಇಡೀ ತರಗತಿ ತುಂಬುತ್ತದೆ. ಆಂತರಿಕ ಅಂಕ ಅದೇ ಮೇಡಂ ಕೈಯಲ್ಲಿದೆ. ಸಂಶೋಧಕರನ್ನು ಮನೆಗೆ ಕರೆತರುವುದು ದಿನಾ ಗುಳಿಗೆ ಕೊಡುವ ಆಶಾ ಕಾರ್ಯಕರ್ತೆ. ಆಕೆಯ ಮಾತು ತೆಗೆದುಹಾಕುವುದು ಹೇಗೆ? ಇನ್ನು ಮುಂದೆ ಯಾರಾದರೂ ಹಾಗೆ ಬಂದರೆ ಅವರು ಕೊಡುವ ಮಾಹಿತಿ ಹಾಳೆ ಕನ್ನಡದಲ್ಲಿದೆಯೇ ನೋಡಿ. ಅದರಲ್ಲಿ ಆ ಸಂಶೋಧನೆಯನ್ನು ಪರಿಶೀಲಿಸಿದ ನೈತಿಕ ಸಮಿತಿಯನ್ನು ಸಂಪರ್ಕಿಸುವ ವಿವರ ಇರಬೇಕು. ಇಲ್ಲದಿದ್ದರೆ ನೀರು ಕೊಟ್ಟು ಕಳುಹಿಸಿ, ಉತ್ತರ ಆಮೇಲೆ ಕೊಡಬಹುದು.