ಪಾಲಿಶ್ ಕಾಣದ ಮರ

ಕರಾವಳಿ, ಮಲೆನಾಡಿನ ಹಳೆಯ ಮನೆಗಳಲ್ಲಿ ಭತ್ತ ತುಂಬುವ ಪತ್ತಾಯ, ಊಟಕ್ಕೆ ಕೂರುವ ಮಣೆ, ಕಾಗದಪತ್ರ ಇಡುವ ಪೆಟ್ಟಿಗೆಗಳನ್ನು ನೀವು ನೋಡಿರುತ್ತೀರಿ. ಹಲಸು, ಸಾಗುವಾನಿಯ ಬರಿಯ ಮರ. ಎಷ್ಟೋ ಕಡೆ ಬಣ್ಣವಿಲ್ಲ, ಪಾಲಿಶ್ ಇಲ್ಲ.

ಹಾಗೆಂದು ಹೊಳಪು ಕೊಡುವ ವಿದ್ಯೆ ನಮ್ಮವರಿಗೆ ತಿಳಿಯದ್ದಲ್ಲ. ಚನ್ನಪಟ್ಟಣದಲ್ಲಿ ತಿರುಗಣಿಯ ಮೇಲೆ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬೊಂಬೆಗೆ ಅದು ಒಪ್ಪುತ್ತದೆ. ಆದರೆ ಅರಗಿಗೆ ಬಿಸಿ, ನೀರು ಎರಡೂ ಆಗದು, ಬೆಳ್ಳಗೆ ಕಲೆ ಏಳುತ್ತದೆ. ದಿನಾ ಒರೆಸಿ ತೊಳೆಯುವ ಮಣೆಗೆ ಬರಿಯ ಮರವೇ ಸರಿ.

19ನೇ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಫ್ರೆಂಚ್ ಪಾಲಿಶ್ ರೂಢಿಗೆ ಬಂತು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ತಿಕ್ಕುವ ಕೆಲಸ ಅದು. ನಮ್ಮ ದೇಶದ ಮುತ್ತುಗ, ಕುಸುಮ ಮರಗಳ ಮೇಲಿನ ಅರಗು ಹಡಗೇರಿ ಹೋಗಿ, ಬಂಗಲೆಗಳ ಮೇಜು ಕುರ್ಚಿಗಳ ಹೊಳಪಾಗಿ ತಿರುಗಿ ಬಂತು. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಪಾಲಿಯುರೆಥೇನ್ ಕಂಡುಹಿಡಿದರು, ಇಂದಿನ ಪಿ.ಯು. ಪಾಲಿಶ್ ಅದರ ಸಂತಾನ. ಹೊಳೆಯುವುದೇ ಚೆಂದ ಎಂಬ ನಂಬಿಕೆ ಬೆಳೆದಂತೆ, ಅಜ್ಜಿಯ ಕಾಲದ ಪೆಟ್ಟಿಗೆಗಳೂ ಸ್ಯಾಂಡ್ ಪೇಪರಿಗೆ ಸಿಕ್ಕವು.

ಇದೇ ನನ್ನ ಸಂಕಟ. ಹಲಸಿನ ಮರ ಕೊಯ್ದಾಗ ಹಳದಿ. ಬೆಳಕು ಗಾಳಿ ತಾಗಿ ವರ್ಷಗಟ್ಟಲೆ ಮಾಗಿ ಕಂದಾಗುತ್ತದೆ. ಆ ಬಣ್ಣ, ಬಾಚಿಯ ಗುರುತು, ಕೈ ತಾಗಿ ತಾಗಿ ಬಂದ ನುಣುಪು, ಎಲ್ಲ ಇರುವುದು ಮೇಲಿನ ತೆಳು ಪದರದಲ್ಲಿ. ಒಮ್ಮೆ ಉಜ್ಜಿದರೆ ಹೋಯಿತು.

ಬರಿಯ ಮರ ಕೇಳುವ ಆರೈಕೆ ಸ್ವಲ್ಪವೇ. ಒಣ ಹತ್ತಿ ಬಟ್ಟೆಯಿಂದ ಮರದ ಎಳೆಯ ಉದ್ದಕ್ಕೆ ಒರೆಸಿ. ಕೊಳೆಯಿದ್ದರೆ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು, ಕೂಡಲೇ ಒಣಗಿಸಿ. ತೆಂಗಿನೆಣ್ಣೆ ಹಚ್ಚಬೇಡಿ; ಅದು ಒಣಗುವ ಎಣ್ಣೆಯಲ್ಲ, ಧೂಳು ಹಿಡಿದು ಜಿಡ್ಡುಗಟ್ಟುತ್ತದೆ. ಅಗಸೆ ಎಣ್ಣೆ ಒಣಗುತ್ತದೆ ನಿಜ, ಆದರೆ ಮರವನ್ನು ಕಪ್ಪಾಗಿಸುತ್ತದೆ, ಮತ್ತೆ ತೆಗೆಯಲಾಗದು. ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ. ಆ ಸಾಮಾನನ್ನು ಬೇರೆಯಾಗಿಡಿ, ಬಲ್ಲವರಿಗೆ ತೋರಿಸಿ.

ನಿಮ್ಮ ಅಟ್ಟದಲ್ಲೂ ಇಂಥದೊಂದು ಪೆಟ್ಟಿಗೆ ಇದ್ದೀತು. ಮಳೆಗಾಲಕ್ಕೆ ಮುಂಚೆ ಕೆಳಗಿಳಿಸಿ, ಒರೆಸಿ, ಗಾಳಿಯಾಡುವ ಕಡೆ ಗೋಡೆಯಿಂದ ಒಂದು ಗೇಣು ದೂರ ಇಡಿ. ಪಾಲಿಶಿನವರನ್ನು ಮಾತ್ರ ಕರೆಯಬೇಡಿ.