ಬೈಸಿಕಲ್ಲಿನ ಮೇಲೆ ಹಳೆಯ ರೋಮು

ಪರದೇಶದ ಹಳೆಯ ಕಲ್ಲುಗಳನ್ನು ನೋಡಲು ಹೋದವನಿಗೆ ತನ್ನೂರಿನ ಕಲ್ಲೊಂದು ನೆನಪಾಗಿ ನಾಚಿಕೆಯಾದರೆ, ಅದನ್ನು ಪ್ರಯಾಣದ ಲಾಭವೆನ್ನಬೇಕೊ ನಷ್ಟವೆನ್ನಬೇಕೊ? ನನ್ನ ಕಥೆಯನ್ನು ಕೇಳಿ ನೀವೇ ತೀರ್ಮಾನಿಸಿ.

ಬೇಸಗೆಯ ರಜೆಯಲ್ಲಿ ನಾನೂ ನನ್ನ ಮಗಳೂ ರೋಮಿಗೆ ಹೋಗಿದ್ದೆವು. ನಗರದ ನಡುವೆ ಇಳಿದುಕೊಳ್ಳುವುದು ಉಪಾಧ್ಯಾಯನ ಕೈಗೆ ನಿಲುಕುವ ಮಾತಲ್ಲ. ಆಗ್ನೇಯ ದಿಕ್ಕಿನ ಚಿನೆಚಿತ್ತಾ ಎಂಬ ಉಪನಗರದಲ್ಲಿ ಸಣ್ಣದೊಂದು ಹೋಟೆಲು ದೊರೆಯಿತು. ಹೋಟೆಲಿನವರು ಎರಡು ಬೈಸಿಕಲ್ಲುಗಳನ್ನು ಬಾಡಿಗೆಗೆ ಕೊಟ್ಟರು. ಮೂವತ್ತು ವರ್ಷ ಬೈಸಿಕಲ್ಲಿನಲ್ಲೇ ಶಾಲೆಗೆ ಹೋಗಿಬಂದವನಿಗೆ ಅದಕ್ಕಿಂತ ಒಳ್ಳೆಯ ರಥ ಬೇಕೆ?

ಸ್ವಲ್ಪ ದೂರ ತುಳಿಯುವಷ್ಟರಲ್ಲಿ ಮಹಡಿಮನೆಗಳ ಸಾಲು ಮುಗಿದು ಹುಲ್ಲುಗಾವಲು ತೆರೆಯಿತು. ಅದರ ನಡುವೆ ಆನೆಗಳ ಸಾಲಿನಂತೆ ಭಾರಿ ಕಮಾನುಗಳು! ಕ್ರಿ.ಶ. 38ರಲ್ಲಿ ಕಾಲಿಗುಲನು ಆರಂಭಿಸಿ, 52ರಲ್ಲಿ ಕ್ಲಾಡಿಯಸನು ಮುಗಿಸಿದ ಮೇಲ್ಗಾಲುವೆ ಇದು. ಸುಮಾರು 69 ಕಿಲೋಮೀಟರು ದೂರದಿಂದ ನೀರು ಬರುತ್ತಿತ್ತು, ಬಹುಪಾಲು ನೆಲದೊಳಗೆ. ನೀರೆತ್ತುವ ಯಂತ್ರವಿಲ್ಲ. ಕಾಲುವೆಯ ಉದ್ದಕ್ಕೂ ತುಸುತುಸುವೇ ಇಳಿಜಾರು. ಬಯಲಿನಲ್ಲಿ ಆ ಎತ್ತರ ಕಳೆದುಹೋಗದಿರಲೆಂದು ಈ ಕಮಾನುಗಳು. 537ರಲ್ಲಿ ರೋಮನ್ನು ಮುತ್ತಿದ ಗಾಥರು ಇಂಥ ಕಾಲುವೆಗಳನ್ನೇ ಕಡಿದುಹಾಕಿದರು.

ಅಲ್ಲಿಂದ ಮೋಟಾರುಗಳು ತುಂಬಿದ ಹೊಸ ರಸ್ತೆಯನ್ನು ದಾಟಿ ಹಳೆಯ ಆಪ್ಪಿಯಾ ಮಾರ್ಗವನ್ನು ಸೇರಿದೆವು. ಕ್ರಿ.ಪೂ. 312ರಲ್ಲಿ ಆಪ್ಪಿಯಸ್ ಕ್ಲಾಡಿಯಸನು ಆರಂಭಿಸಿದ ದಾರಿ. ಅಲ್ಲಲ್ಲಿ ಹಳೆಯ ಕರಿಕಲ್ಲಿನ ಚಪ್ಪಡಿಗಳೇ ಉಳಿದಿವೆ; ಗಾಡಿಯ ಚಕ್ರಗಳು ಕೊರೆದ ಗುರುತುಗಳೂ ಇವೆ. ಅವುಗಳ ಮೇಲೆ ನನ್ನ ಕನ್ನಡಕ ಮೂಗಿನ ತುದಿಗೆ ಬಂತು. "ಅಪ್ಪಾ, ಇಳಿಯಿರಿ, ತಳ್ಳಿಕೊಂಡೇ ಹೋಗೋಣ" ಎಂದಳು ಮಗಳು. ಇಳಿದದ್ದೇ ಒಳ್ಳೆಯದಾಯಿತು, ನಡೆಯುವವನ ಕಣ್ಣಿಗೆ ಕಲ್ಲು ಮಾತನಾಡುತ್ತದೆ.

ಊರೊಳಗೆ ಶವಸಂಸ್ಕಾರ ಕೂಡದೆಂಬುದು ರೋಮಿನ ಹಳೆಯ ಕಟ್ಟಳೆ. ಆದ್ದರಿಂದ ಸಮಾಧಿಗಳೆಲ್ಲ ಊರ ಹೊರಗೆ, ದಾರಿಯ ಇಕ್ಕೆಲಗಳಲ್ಲಿ. ಹೋಗಿಬರುವವರು ತಮ್ಮ ಹೆಸರನ್ನು ಓದಲಿ ಎಂಬುದೇ ಸತ್ತವರ ಆಸೆ. ಅವುಗಳಲ್ಲಿ ಕೋಟೆಯ ಬುರುಜಿನಂಥದು ಚೆಚಿಲಿಯಾ ಮೆತೆಲ್ಲಾ ಎಂಬಾಕೆಯ ಸಮಾಧಿ. ಅಷ್ಟು ದೊಡ್ಡ ಕಟ್ಟಡದ ಮೇಲೆ ಎರಡೇ ಸಂಗತಿ: ಕ್ರೆತಿಕಸನ ಮಗಳು, ಕ್ರಾಸಸನ ಮಡದಿ. ಅವಳು ಹೇಗೆ ಬಾಳಿದಳೆಂಬುದು ಅಲ್ಲಿಲ್ಲ. ಆದರೂ ಎರಡು ಸಾವಿರ ವರ್ಷದ ಮೇಲೆ ಕನ್ನಡದ ಮೇಷ್ಟರೊಬ್ಬನು ನಿಂತು ಅವಳ ಹೆಸರನ್ನು ಓದಿದನಲ್ಲ!

ಈ ದಾರಿ ತಾನಾಗಿ ಉಳಿಯಲಿಲ್ಲ. ಸುತ್ತಲ ಭೂಮಿಯನ್ನು ಸಿರಿವಂತರ ಮನೆಗಳು ನುಂಗತೊಡಗಿದಾಗ, ಅಂತೊನಿಯೊ ಚೆದೆರ್ನಾ ಎಂಬ ಪತ್ರಿಕಾಲೇಖಕರು 1953ರಿಂದ ಬರೆದು ಬರೆದು ಜನರನ್ನು ಎಚ್ಚರಿಸಿದರು. 1988ರಲ್ಲಿ ಇದು ಸಂರಕ್ಷಿತ ಉದ್ಯಾನವಾಯಿತು. ದಾರಿಯನ್ನು ತುಂಡರಿಸಿದ್ದ ಹೆದ್ದಾರಿಯನ್ನು ಮುಂದೆ ಸುರಂಗಕ್ಕೆ ಇಳಿಸಿ, ಹಳೆಯ ದಾರಿಯನ್ನು ಮತ್ತೆ ಕೂಡಿಸಿದರು. 2024ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಸಂಜೆ ಹೋಟೆಲಿಗೆ ತುಳಿಯುತ್ತ ಬರುವಾಗ ನನ್ನ ಶಾಲೆಯ ದಾರಿ ನೆನಪಾಯಿತು. ಅಲ್ಲಿ ಕೆರೆಯ ತೂಬಿನ ಬಳಿ ಒಂದು ವೀರಗಲ್ಲು. ಬಟ್ಟೆ ಒಗೆಯುವವರಿಗೆ ಅದೇ ಒಗೆಯುವ ಕಲ್ಲು. ಹಳಗನ್ನಡ ಪಾಠಮಾಡಲು ಅವಸರದಿಂದ ಹೋಗುತ್ತಿದ್ದ ನಾನು ಮೂವತ್ತು ವರ್ಷದಲ್ಲಿ ಒಂದು ದಿನವೂ ಬೈಸಿಕಲ್ಲಿನಿಂದ ಇಳಿಯಲಿಲ್ಲ.

ಊರಿಗೆ ಬಂದ ಮೇಲೆ ಹತ್ತನೆಯ ತರಗತಿಯ ಹುಡುಗರೊಡನೆ ಹೋಗಿ ಆ ಕಲ್ಲನ್ನು ತೊಳೆದೆವು. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೇ ಬಿಂದಿಗೆಯಲ್ಲಿ ನೀರು ತಂದು ಹೊಯ್ದರು. ದನಗಳನ್ನು ಬಿಡಿಸಿ ತಂದು ಮಡಿದನು ಎಂಬಷ್ಟನ್ನು ಓದಿದೆವು. ಮಡಿದವನು ಯಾರು ಎಂಬಲ್ಲಿ ಕಲ್ಲು ಸವೆದುಹೋಗಿದೆ. "ಮೊದಲೇ ಬಂದಿದ್ದರೆ ಹೆಸರು ಸಿಗುತ್ತಿತ್ತೇನೊ, ಸಾರ್" ಎಂದನೊಬ್ಬ ಹುಡುಗ. ನಾನು ಉತ್ತರ ಕೊಡಲಿಲ್ಲ.

ಕಲ್ಲನ್ನು ಈಗ ಶಾಲೆಯ ಅಂಗಳದಲ್ಲಿ ನಿಲ್ಲಿಸಿದ್ದೇವೆ. ಅಜ್ಜಿಗೆ ಬೇರೊಂದು ಕಲ್ಲು ಹಾಕಿಸಿಕೊಟ್ಟಿದ್ದೇವೆ. ನೀವು ದಿನವೂ ಹೋಗಿಬರುವ ದಾರಿಯಲ್ಲೂ ಅಂಥದೊಂದು ಇದ್ದೀತು. ನಾಳೆಯೇ ಇಳಿದು ನೋಡಿ.